ಸ್ಥಾವರಕ್ಕೂ ಕಚೇರಿಗೂ ನಡುವೆ ಒಂದು ರೂಟರ್

2019ರ ಅಕ್ಟೋಬರ್ 29ರಂದು ತಮಿಳುನಾಡಿನ ಕೂಡಂಕುಳಂ ಅಣು ವಿದ್ಯುತ್ ಸ್ಥಾವರದ ಆಡಳಿತ ಒಂದು ಪ್ರಕಟಣೆ ಹೊರಡಿಸಿತು. ಕೂಡಂಕುಳಂ ಸೇರಿದಂತೆ ಭಾರತದ ಅಣು ವಿದ್ಯುತ್ ಸ್ಥಾವರಗಳ ನಿಯಂತ್ರಣ ವ್ಯವಸ್ಥೆಗಳು ಸ್ವತಂತ್ರವಾಗಿವೆ, ಹೊರಗಿನ ಜಾಲಕ್ಕಾಗಲಿ ಅಂತರ್ಜಾಲಕ್ಕಾಗಲಿ ಅವು ಸಂಪರ್ಕ ಹೊಂದಿಲ್ಲ, ಆದುದರಿಂದ ಅವುಗಳ ಮೇಲೆ ಸೈಬರ್ ದಾಳಿ ಸಾಧ್ಯವಿಲ್ಲ ಎಂಬುದು ಅದರ ಸಾರಾಂಶ. ಮರುದಿನವೇ ಮಾತೃಸಂಸ್ಥೆಯಾದ ಭಾರತೀಯ ಅಣು ವಿದ್ಯುತ್ ನಿಗಮ ಇನ್ನೊಂದು ಪ್ರಕಟಣೆ ನೀಡಿ, ಸಂಸ್ಥೆಯ ವ್ಯವಸ್ಥೆಯಲ್ಲಿ ಕುತಂತ್ರಾಂಶ ಪತ್ತೆಯಾದದ್ದು ನಿಜವೆಂದು ಒಪ್ಪಿಕೊಂಡಿತು. ಸೋಂಕು ತಗುಲಿದ್ದು ಆಡಳಿತಾತ್ಮಕ ಕೆಲಸಕ್ಕೆ ಬಳಸುವ, ಅಂತರ್ಜಾಲ ಸಂಪರ್ಕವಿರುವ ಜಾಲದ ಒಂದು ಕಂಪ್ಯೂಟರಿಗೆ. ಈ ಜಾಲಕ್ಕೂ ಸ್ಥಾವರದ ಒಳಗಿನ ನಿರ್ಣಾಯಕ ಜಾಲಕ್ಕೂ ಸಂಬಂಧವಿಲ್ಲ. ಸ್ಥಾವರದ ವ್ಯವಸ್ಥೆಗಳಿಗೆ ಧಕ್ಕೆಯಾಗಿಲ್ಲ ಎಂದು ಅದು ವಿವರಿಸಿತು.

ಎರಡು ಪ್ರಕಟಣೆಗಳನ್ನು ಅಕ್ಕಪಕ್ಕದಲ್ಲಿಟ್ಟು ಓದಿದರೆ ಅವು ಪರಸ್ಪರ ವಿರುದ್ಧವಾಗಿಲ್ಲ ಎಂದು ತಾಂತ್ರಿಕವಾಗಿ ವಾದಿಸಬಹುದು. ಒಂದು ನಿಯಂತ್ರಣ ಜಾಲದ ಬಗ್ಗೆ ಮಾತಾಡುತ್ತದೆ, ಇನ್ನೊಂದು ಕಚೇರಿ ಜಾಲದ ಬಗ್ಗೆ. ಆದರೆ ಕಾಳಿ ನದಿಯ ದಂಡೆಯಲ್ಲಿ ಕುಳಿತು ಇದನ್ನು ಓದುವವರಿಗೆ ಆಸಕ್ತಿಯಿರಬೇಕಾದದ್ದು ಈ ಎರಡು ಜಾಲಗಳ ನಡುವಿನ ಜಾಗದಲ್ಲಿ. ಕಾರವಾರ ತಾಲ್ಲೂಕಿನ ಕೈಗಾದಲ್ಲಿರುವ ತಲಾ 220 ಮೆಗಾವಾಟ್‌ನ ನಾಲ್ಕು ಘಟಕಗಳನ್ನು ನಡೆಸುವುದೂ ಅದೇ ನಿಗಮ. ಅಲ್ಲಿನ ಒಂದನೆಯ ಘಟಕ 2018ರ ಡಿಸೆಂಬರ್ 31ರವರೆಗೆ ಸತತ 962 ದಿನ ನಿಲ್ಲದೆ ಓಡಿ ವಿಶ್ವದಾಖಲೆ ಸ್ಥಾಪಿಸಿದ್ದು ನಮ್ಮ ಎಂಜಿನಿಯರುಗಳ ಶಿಸ್ತಿಗೆ ಸಾಕ್ಷಿ. ಇದೇ ಆವರಣದಲ್ಲಿ ತಲಾ 700 ಮೆಗಾವಾಟ್‌ನ ಇನ್ನೆರಡು ಘಟಕಗಳನ್ನು ನಿರ್ಮಿಸುವ ಯೋಜನೆಯೂ ಇದೆ. ಯಂತ್ರ ನಡೆಸುವ ಶಿಸ್ತು ಒಂದು. ಜಾಲಗಳನ್ನು ಬೇರೆ ಬೇರೆಯಾಗಿಯೇ ಉಳಿಸಿಕೊಳ್ಳುವ ಶಿಸ್ತು ಇನ್ನೊಂದು. ಎರಡನೆಯದು ದಾಖಲೆ ಪುಸ್ತಕಗಳಿಗೆ ಸೇರುವಂಥದ್ದಲ್ಲ. ಅದು ಕೈಕೊಟ್ಟಾಗ ಮಾತ್ರ ಸುದ್ದಿಯಾಗುತ್ತದೆ.

ಯಾವುದೇ ದೊಡ್ಡ ಸ್ಥಾವರದಲ್ಲಿ ಎರಡು ಬಗೆಯ ಕಂಪ್ಯೂಟರ್ ಜಾಲಗಳಿರುತ್ತವೆ. ಮೊದಲನೆಯದು ಕವಾಟ ತೆರೆಯುವ, ಪಂಪಿನ ವೇಗ ಬದಲಿಸುವ, ಉಷ್ಣತೆ, ಒತ್ತಡಗಳನ್ನು ಅಳೆಯುವ ಜಾಲ. ಇದರಲ್ಲಿ ಪಿಎಲ್‌ಸಿ ಎಂಬ ಪುಟ್ಟ ನಿಯಂತ್ರಕಗಳೂ, ಅವುಗಳ ಮೇಲ್ವಿಚಾರಣೆಗೆ ಸ್ಕಾಡಾ ಎಂದು ಕರೆಯುವ ವ್ಯವಸ್ಥೆಯೂ ಇರುತ್ತವೆ. ಎರಡನೆಯದು ಸಂಬಳ, ದಾಸ್ತಾನು, ಖರೀದಿ, ಇ-ಮೇಲ್‌ಗಳ ಕಚೇರಿ ಜಾಲ. ಇವೆರಡರ ಸ್ವಭಾವವೇ ಬೇರೆ. ಕಚೇರಿಯ ಕಂಪ್ಯೂಟರು ಮೂರ್ನಾಲ್ಕು ವರ್ಷಕ್ಕೊಮ್ಮೆ ಬದಲಾಗುತ್ತದೆ, ವಾರಕ್ಕೊಮ್ಮೆ ಅದರ ತಂತ್ರಾಂಶಕ್ಕೆ ತೇಪೆ ಬೀಳುತ್ತದೆ, ಸಿಕ್ಕಿಕೊಂಡರೆ ಆರಿಸಿ ಮತ್ತೆ ಹಚ್ಚಿದರಾಯಿತು. ಸ್ಥಾವರದ ನಿಯಂತ್ರಕ ಇಪ್ಪತ್ತು, ಇಪ್ಪತ್ತೈದು ವರ್ಷ ಬಾಳಬೇಕು. ಓಡುತ್ತಿರುವ ಟರ್ಬೈನನ್ನು ತೇಪೆ ಹಾಕಲೆಂದು ನಿಲ್ಲಿಸುವಂತಿಲ್ಲ. ಜೊತೆಗೆ ಕಾರ್ಖಾನೆಗಳಲ್ಲಿ ಇಂದಿಗೂ ಧಾರಾಳವಾಗಿ ಬಳಕೆಯಲ್ಲಿರುವ ಮಾಡ್‌ಬಸ್ ಎಂಬ ಸಂವಹನ ಪದ್ಧತಿ ಹುಟ್ಟಿದ್ದು 1979ರಲ್ಲಿ. ಆಜ್ಞೆ ಕೊಡುತ್ತಿರುವವರು ಯಾರೆಂದು ಕೇಳುವ ಕ್ರಮವೇ ಅದರ ಮೂಲರೂಪದಲ್ಲಿ ಇಲ್ಲ. ತಂತಿಯ ಮೇಲೆ ಬಂದ ಆಜ್ಞೆಯನ್ನು ಅದು ಪಾಲಿಸುತ್ತದೆ, ಅಷ್ಟೆ. ನಾಲ್ಕು ಗೋಡೆಗಳ ನಡುವೆ, ಪರಿಚಿತರ ಮಧ್ಯೆ ಮಾತ್ರ ಇರುವೆನೆಂದು ನಂಬಿ ಬೆಳೆದ ವ್ಯವಸ್ಥೆ ಅದು.

ಹಾಗಿದ್ದರೆ ಇವನ್ನು ಜೋಡಿಸುವ ಹಂಬಲವಾದರೂ ಏಕೆ ಎಂದು ಕೇಳಬಹುದು. ಹಂಬಲ ಅಸಂಗತವಲ್ಲ. ನಮ್ಮ ದೇಶದ ವಿದ್ಯುತ್ ಜಾಲದಲ್ಲಿ ದಿನವೊಂದನ್ನು ಹದಿನೈದು ನಿಮಿಷಗಳ 96 ಭಾಗಗಳಾಗಿ ವಿಂಗಡಿಸಿ, ಪ್ರತಿ ಭಾಗದಲ್ಲೂ ಯಾರು ಎಷ್ಟು ವಿದ್ಯುತ್ ಕೊಡಬೇಕೆಂದು ನಿಗದಿಪಡಿಸಲಾಗುತ್ತದೆ. ಬೆಂಗಳೂರಿನಲ್ಲಿರುವ ಭಾರ ರವಾನೆ ಕೇಂದ್ರಗಳಿಗೆ ಉತ್ಪಾದನೆಯ ಅಂಕಿಅಂಶ ಕ್ಷಣಕ್ಷಣಕ್ಕೂ ಬೇಕು; ಹೆಚ್ಚು ಕಡಿಮೆಯಾದರೆ ಹಣದ ಲೆಕ್ಕ ಬದಲಾಗುತ್ತದೆ. ಯಾವ ಪಂಪಿನ ಬೇರಿಂಗ್ ಬಿಸಿಯಾಗುತ್ತಿದೆ ಎಂಬುದು ಉಗ್ರಾಣದವರಿಗೆ ಮೊದಲೇ ತಿಳಿದರೆ ಬಿಡಿಭಾಗ ತರಿಸಿಡಬಹುದು. ಹಿಂದೆ ಪಾಳಿಯ ಎಂಜಿನಿಯರ್ ಲಾಗ್ ಪುಸ್ತಕದಲ್ಲಿ ಗಂಟೆಗೊಮ್ಮೆ ಬರೆದದ್ದನ್ನು ಗುಮಾಸ್ತರು ಮರುದಿನ ನಕಲು ಮಾಡುತ್ತಿದ್ದರು. ಇಂದು ಮುಖ್ಯ ಕಚೇರಿಯಲ್ಲಿ ಕುಳಿತ ಹಿರಿಯ ಅಧಿಕಾರಿಗೆ ಎಲ್ಲವೂ ತಮ್ಮ ಮೇಜಿನ ಪರದೆಯ ಮೇಲೆ ಕಾಣಬೇಕು. ಅವರಿಗೆ ಇಲ್ಲವೆನ್ನುವ ಧೈರ್ಯ ಸಾಮಾನ್ಯವಾಗಿ ಜಾಲದ ತಂತ್ರಜ್ಞನಿಗೆ ಇರುವುದಿಲ್ಲ.

ಇಲ್ಲಿಯೇ ರೂಟರ್ ಪ್ರವೇಶಿಸುವುದು. ಕೆಲವು ಸಾವಿರ ರೂಪಾಯಿಗೆ ಸಿಗುವ ಈ ಪೆಟ್ಟಿಗೆ ಒಂದು ಜಾಲದ ಮಾಹಿತಿ ಪೊಟ್ಟಣವನ್ನು ಇನ್ನೊಂದಕ್ಕೆ ದಾಟಿಸುತ್ತದೆ. ದಾಟಿಸುವುದೇ ಅದರ ಧರ್ಮ. ಎರಡು ಜಾಲಗಳ ವಿಳಾಸ ಶ್ರೇಣಿಗಳು ಬೇರೆ ಬೇರೆಯಾಗಿರುವುದರಿಂದ, ನಡುವೆ ಒಂದು ರೂಟರ್ ಇಟ್ಟೊಡನೆ ಅವು ಪ್ರತ್ಯೇಕವಾಗಿಯೇ ಉಳಿದವೆಂಬ ಭ್ರಮೆ ಹುಟ್ಟುತ್ತದೆ. ನಕ್ಷೆಯಲ್ಲಿ ಎರಡು ಮೋಡಗಳೂ ನಡುವೆ ಒಂದು ಪೆಟ್ಟಿಗೆಯೂ ಚೆನ್ನಾಗಿಯೇ ಕಾಣುತ್ತವೆ. ವಾಸ್ತವದಲ್ಲಿ ಅದು ಗೋಡೆಯಲ್ಲ, ಗೋಡೆಯಲ್ಲಿ ಕೊರೆದ ಬಾಗಿಲು. ಯಾವ ವಿಳಾಸದಿಂದ ಯಾವ ವಿಳಾಸಕ್ಕೆ, ಯಾವ ಬಗೆಯ ಪೊಟ್ಟಣ ಹೋಗಬಹುದೆಂಬ ನಿರ್ಬಂಧಗಳನ್ನು ರೂಟರಿನಲ್ಲೂ ಬರೆಯಬಹುದು ನಿಜ. ಫೈರ್‌ವಾಲ್ ಇದನ್ನು ಇನ್ನಷ್ಟು ಬಿಗಿಯಾಗಿ ಮಾಡುತ್ತದೆ. ಆದರೆ ಈ ನಿಯಮಗಳ ಪಟ್ಟಿಗೆ ಒಂದು ದುರ್ಗುಣವಿದೆ: ಅದು ಬೆಳೆಯುತ್ತಲೇ ಹೋಗುತ್ತದೆ. ಲೆಕ್ಕಪತ್ರ ವಿಭಾಗದವರಿಗೆ ಒಂದು, ಗುತ್ತಿಗೆದಾರರಿಗೆ ಒಂದು, ಪರೀಕ್ಷೆಗೆಂದು ತಾತ್ಕಾಲಿಕವಾಗಿ ಇನ್ನೊಂದು ಎಂದು ವಿನಾಯಿತಿಗಳು ಸೇರುತ್ತವೆ. ನಮ್ಮ ಕಚೇರಿಗಳಲ್ಲಿ ತಾತ್ಕಾಲಿಕ ಎಂಬ ಪದಕ್ಕಿರುವ ಆಯುಷ್ಯ ಓದುಗರಿಗೆ ಗೊತ್ತೇ ಇದೆ.

ಇದು ಬರಿಯ ಆತಂಕವಲ್ಲ. ಅಮೆರಿಕದ ಓಹಾಯೋ ರಾಜ್ಯದ ಡೇವಿಸ್-ಬೆಸ್ಸಿ ಅಣು ಸ್ಥಾವರಕ್ಕೆ 2003ರ ಜನವರಿಯಲ್ಲಿ ‘ಸ್ಲ್ಯಾಮರ್’ ಎಂಬ ಹುಳು ನುಗ್ಗಿತು. ಸ್ಥಾವರದ ಮುಂಬಾಗಿಲಿನಲ್ಲಿ ಫೈರ್‌ವಾಲ್ ಇತ್ತು, ಅದು ಆ ಹುಳುವನ್ನು ತಡೆಯುತ್ತಿತ್ತು ಕೂಡ. ಆದರೆ ಗುತ್ತಿಗೆದಾರರೊಬ್ಬರ ಜಾಲದಿಂದ ಕಚೇರಿ ಜಾಲಕ್ಕೆ ಫೈರ್‌ವಾಲನ್ನು ಬಳಸಿಕೊಂಡು ಹೋಗುವ ಪ್ರತ್ಯೇಕ ತಂತಿಯೊಂದಿತ್ತು. ಹುಳು ಅಲ್ಲಿಂದ ಕಚೇರಿಗೆ, ಕಚೇರಿಯಿಂದ ಸ್ಥಾವರದ ಜಾಲಕ್ಕೆ ಹರಿದು, ಸುರಕ್ಷತಾ ಸೂಚಕಗಳನ್ನು ತೋರಿಸುವ ವ್ಯವಸ್ಥೆಯನ್ನು ಸುಮಾರು ಐದು ಗಂಟೆ ಕಾಲ ಕುರುಡಾಗಿಸಿತು. ಬೇರೊಂದು ದುರಸ್ತಿಗಾಗಿ ರಿಯಾಕ್ಟರ್ ಆಗಲೇ ನಿಂತಿದ್ದುದರಿಂದ ಅನಾಹುತ ಸಂಭವಿಸಲಿಲ್ಲ. ಹುಳುವಿಗೆ ಬೇಕಾದ ಮದ್ದನ್ನು, ಎಂದರೆ ತಂತ್ರಾಂಶದ ತೇಪೆಯನ್ನು, ಆರು ತಿಂಗಳ ಹಿಂದೆಯೇ ಮೈಕ್ರೋಸಾಫ್ಟ್ ಬಿಡುಗಡೆ ಮಾಡಿತ್ತು.

ಜಾರ್ಜಿಯಾದ ಹ್ಯಾಚ್ ಸ್ಥಾವರದಲ್ಲಿ 2008ರ ಮಾರ್ಚ್‌ನಲ್ಲಿ ನಡೆದದ್ದು ನನ್ನ ದೃಷ್ಟಿಯಲ್ಲಿ ಇನ್ನೂ ಹೆಚ್ಚು ಪಾಠ ಹೇಳುವಂಥದ್ದು, ಏಕೆಂದರೆ ಅಲ್ಲಿ ಶತ್ರುವೇ ಇರಲಿಲ್ಲ. ಎಂಜಿನಿಯರೊಬ್ಬರು ಕಚೇರಿ ಜಾಲದಲ್ಲಿದ್ದ ಒಂದು ಕಂಪ್ಯೂಟರಿನ ತಂತ್ರಾಂಶವನ್ನು ಪರಿಷ್ಕರಿಸಿ, ಅದನ್ನು ಮತ್ತೆ ಚಾಲೂ ಮಾಡಿದರು. ಆ ಕಂಪ್ಯೂಟರು ನಿಯಂತ್ರಣ ವ್ಯವಸ್ಥೆಯ ಮಾಹಿತಿಯೊಂದಿಗೆ ತನ್ನ ಮಾಹಿತಿಯನ್ನು ಸರಿಹೊಂದಿಸಿಕೊಳ್ಳುವಂತೆ ಜೋಡಣೆಯಾಗಿತ್ತು. ಅದು ಮರುಚಾಲನೆಗೊಂಡಾಗ ನಿಯಂತ್ರಣ ಜಾಲದ ಅಂಕಿಗಳೂ ಅಳಿಸಿಹೋದವು. ಅಂಕಿ ಇಲ್ಲದ್ದನ್ನು ಸುರಕ್ಷತಾ ವ್ಯವಸ್ಥೆ ನೀರೇ ಇಲ್ಲವೆಂದು ಅರ್ಥೈಸಿ ರಿಯಾಕ್ಟರನ್ನು ನಿಲ್ಲಿಸಿಬಿಟ್ಟಿತು. 48 ಗಂಟೆ ಉತ್ಪಾದನೆ ಸ್ಥಗಿತಗೊಂಡಿತು. ಮಾಹಿತಿ ಎರಡೂ ದಿಕ್ಕಿಗೆ ಹರಿಯುತ್ತದೆಂಬುದು ಆ ಎಂಜಿನಿಯರಿಗೆ ತಿಳಿದಿರಲಿಲ್ಲ. ಕಂಪನಿ ಆಮೇಲೆ ಮಾಡಿದ್ದು ಸರಳವಾದ ಕೆಲಸ: ಆ ಕಂಪ್ಯೂಟರುಗಳ ನಡುವಿನ ಸಂಪರ್ಕವನ್ನೇ ಕಿತ್ತುಹಾಕಿತು. 2006ರ ಆಗಸ್ಟ್‌ನಲ್ಲಿ ಅಲಬಾಮಾದ ಬ್ರೌನ್ಸ್ ಫೆರಿಯ ಮೂರನೆಯ ಘಟಕದಲ್ಲೂ ಹೊರಗಿನವರ ಕೈವಾಡ ಕಂಡುಬರಲಿಲ್ಲ. ಜಾಲದ ಮೇಲೆ ವಿಪರೀತ ದಟ್ಟಣೆಯಾಗಿ ನೀರಿನ ಪಂಪುಗಳ ನಿಯಂತ್ರಕಗಳು ಕೆಲಸ ಬಿಟ್ಟವು, ನಿರ್ವಾಹಕರು ಕೈಯಿಂದಲೇ ರಿಯಾಕ್ಟರ್ ನಿಲ್ಲಿಸಬೇಕಾಯಿತು.

ಶತ್ರುವಿದ್ದ ಪ್ರಕರಣಗಳು ಹೆಚ್ಚು ಪ್ರಸಿದ್ಧ. ಉಕ್ರೇನಿನಲ್ಲಿ 2015ರ ಡಿಸೆಂಬರ್ 23ರಂದು ಮೂರು ವಿದ್ಯುತ್ ವಿತರಣಾ ಕಂಪನಿಗಳ ಸುಮಾರು 2.25 ಲಕ್ಷ ಗ್ರಾಹಕರು ಕತ್ತಲೆಯಲ್ಲಿ ಮುಳುಗಿದರು. ದಾಳಿಕೋರರು ತಿಂಗಳುಗಳ ಮೊದಲೇ ಕಚೇರಿ ಸಿಬ್ಬಂದಿಗೆ ಇ-ಮೇಲ್ ಮೂಲಕ ಗಾಳ ಹಾಕಿ ಒಳಬಂದು, ಗುಪ್ತಪದಗಳನ್ನು ಕದ್ದು, ನೌಕರರೇ ಬಳಸುತ್ತಿದ್ದ ಅಧಿಕೃತ ಸಂಪರ್ಕದ ಮೂಲಕವೇ ನಿಯಂತ್ರಣ ಕೊಠಡಿ ತಲುಪಿದ್ದರು. 2021ರ ಮೇ ತಿಂಗಳಲ್ಲಿ ಅಮೆರಿಕದ ಕೊಲೋನಿಯಲ್ ಕಂಪನಿಯ ತೈಲ ಕೊಳವೆಮಾರ್ಗ ನಿಂತದ್ದು ಇನ್ನೊಂದು ಬಗೆ: ಒತ್ತೆಹಣದ ಕುತಂತ್ರಾಂಶ ಬಡಿದದ್ದು ಕಚೇರಿ ಜಾಲಕ್ಕೆ, ಅದು ಕೊಳವೆಯ ನಿಯಂತ್ರಣಕ್ಕೂ ಹರಡೀತೆಂಬ ಭಯದಿಂದ ಕಂಪನಿಯೇ ಪೂರೈಕೆ ನಿಲ್ಲಿಸಿತು. ತನ್ನ ಎರಡು ಜಾಲಗಳ ನಡುವೆ ಏನಿದೆಯೆಂಬ ಬಗ್ಗೆ ಪೂರ್ಣ ಭರವಸೆಯಿದ್ದ ಸಂಸ್ಥೆ ಹೀಗೆ ಮಾಡುತ್ತಿರಲಿಲ್ಲ.

ಈಗ ನಮ್ಮ ಕರಾವಳಿಗೆ ಬರೋಣ. ಕಾರವಾರ, ಅಂಕೋಲಾಗಳ ಭೂಗೋಳವೇ ಜಾಲ ಜೋಡಣೆಯ ಪರವಾಗಿ ಒಂದು ಬಲವಾದ ವಾದ ಹೂಡುತ್ತದೆ. ಒಂದೆಡೆ ಘಟ್ಟ, ಇನ್ನೊಂದೆಡೆ ಕಡಲು. 2024ರ ಜುಲೈ 16ರಂದು ಅಂಕೋಲಾ ತಾಲ್ಲೂಕಿನ ಶಿರೂರಿನಲ್ಲಿ ಗುಡ್ಡ ಕುಸಿದು ರಾಷ್ಟ್ರೀಯ ಹೆದ್ದಾರಿಯನ್ನೇ ಗಂಗಾವಳಿಗೆ ತಳ್ಳಿದಂತಾಯಿತು; ಜೀವಗಳು ಹೋದವು, ಸಂಚಾರ ದಿನಗಟ್ಟಲೆ ನಿಂತಿತು. ಮೂರು ವಾರ ಕಳೆಯುವಷ್ಟರಲ್ಲಿ, ಆಗಸ್ಟ್ 7ರ ನಡುರಾತ್ರಿ, ಕಾರವಾರದಲ್ಲಿ ಕಾಳಿ ನದಿಯ ಹಳೆಯ ಸೇತುವೆ ಕುಸಿಯಿತು. ಇಂಥ ಮಳೆಗಾಲದಲ್ಲಿ ಬಿಣಗಾದ ರಾಸಾಯನಿಕ ಕಾರ್ಖಾನೆಯದೋ, ಕದ್ರಾದ ವಿದ್ಯುದಾಗಾರದ್ದೋ ನಿಯಂತ್ರಕವೊಂದು ಕೆಟ್ಟರೆ, ಅದನ್ನು ತಯಾರಿಸಿದ ಕಂಪನಿಯ ತಜ್ಞ ಪುಣೆಯಿಂದಲೋ ಬೆಂಗಳೂರಿನಿಂದಲೋ ಬಂದು ತಲುಪುವುದು ಯಾವಾಗ? ದೂರದಿಂದಲೇ ಒಳಹೊಕ್ಕು ಸರಿಪಡಿಸುವ ಸೌಲಭ್ಯ ಇರಲಿ ಎಂದು ವ್ಯವಸ್ಥಾಪಕರು ಬಯಸಿದರೆ ಅವರನ್ನು ದೂರುವಂತಿಲ್ಲ. ಆ ಸೌಲಭ್ಯ ಬೇಕಾದಾಗ ಮಾತ್ರ ತೆರೆದುಕೊಳ್ಳುತ್ತದೆಯೇ, ಅಥವಾ ಕಾರ್ಖಾನೆಯ ಮೂಲೆಯಲ್ಲಿ ವರ್ಷವಿಡೀ ಹಸಿರು ದೀಪ ಮಿಣುಕಿಸುತ್ತಾ ಕುಳಿತ ಮೊಡೆಮ್ ಆಗಿ ಉಳಿಯುತ್ತದೆಯೇ ಎಂಬುದರ ಮೇಲೆ ಎಲ್ಲವೂ ನಿಂತಿದೆ. ತಂತಿಯನ್ನು ಕೈಯಿಂದ ಸಿಕ್ಕಿಸಿ, ಕೆಲಸ ಮುಗಿದೊಡನೆ ಕೈಯಿಂದಲೇ ಕಿತ್ತು, ಎರಡನ್ನೂ ಪಾಳಿಯ ಪುಸ್ತಕದಲ್ಲಿ ಬರೆದಿಡುವುದು ಹಳೆಯ ಕಾಲದ ಪದ್ಧತಿಯಂತೆ ತೋರಬಹುದು. ಇದಕ್ಕಿಂತ ಅಗ್ಗದ ರಕ್ಷಣೆ ಇನ್ನೊಂದಿಲ್ಲ.

ಮಾಹಿತಿ ಮಾತ್ರ ಹೊರಗೆ ಬೇಕು, ಆಜ್ಞೆ ಒಳಗೆ ಬರಬಾರದು ಎನ್ನುವವರಿಗೂ ದಾರಿಯಿದೆ. ಅಂಕೋಲಾ, ಕುಮಟಾ ಕಡೆಯ ಗಜನಿ ಗದ್ದೆಗಳನ್ನು ಬಲ್ಲವರಿಗೆ ಇದನ್ನು ವಿವರಿಸುವುದು ಸುಲಭ. ಮಳೆಗಾಲದಲ್ಲಿ ಇಳಿತದ ಹೊತ್ತಿಗೆ ಕಟ್ಟಿನ ಬಾಗಿಲು ತೆರೆದು ಗದ್ದೆಯ ಸಿಹಿನೀರು ಹೊಳೆಗೆ ಹೋಗುತ್ತದೆ; ಭರತ ಏರಿದಾಗ ಅದೇ ಬಾಗಿಲು ಮುಚ್ಚಿ ಉಪ್ಪುನೀರನ್ನು ತಡೆಯುತ್ತದೆ. ಜಾಲಗಳ ಲೋಕದಲ್ಲಿ ಇದಕ್ಕೆ ‘ಡೇಟಾ ಡಯೋಡ್’ ಎಂದು ಹೆಸರು. ಸ್ಥಾವರದ ಕಡೆ ಬೆಳಕು ಸೂಸುವ ಸಾಧನ, ಕಚೇರಿಯ ಕಡೆ ಬೆಳಕನ್ನು ಗ್ರಹಿಸುವ ಸಾಧನ, ನಡುವೆ ಒಂದು ಗಾಜಿನ ಎಳೆ. ಹಿಂದಕ್ಕೆ ಸೂಸುವ ಸಾಧನವೇ ಇಲ್ಲದ್ದರಿಂದ ಯಾವ ಜಾಣ ತಂತ್ರಾಂಶಕ್ಕೂ ಮರಳಿ ಹೋಗುವ ಮಾರ್ಗವಿಲ್ಲ. ರೂಟರಿನ ನಿಯಮವನ್ನು ಯಾರಾದರೂ ಬದಲಿಸಬಹುದು, ಭೌತಶಾಸ್ತ್ರದ ನಿಯಮವನ್ನು ಬದಲಿಸಲಾಗದು. ಸ್ಥಾವರದ ಅಂಕಿಗಳು ಈ ಮಾರ್ಗವಾಗಿ ಹೊರಗಿನ ಸಂಗ್ರಹ ಕಂಪ್ಯೂಟರಿಗೆ ಬಂದು ಬೀಳಲಿ, ಕಚೇರಿಯವರು ಅಲ್ಲಿಂದ ಎಷ್ಟು ಬೇಕಾದರೂ ಓದಿಕೊಳ್ಳಲಿ. ಸಾಮಾನ್ಯ ರೂಟರಿಗೆ ಹೋಲಿಸಿದರೆ ಇದು ದುಬಾರಿ. ಸಣ್ಣ ಕಾರ್ಖಾನೆಗಳಿಗೆ ಎರಡು ಫೈರ್‌ವಾಲ್‌ಗಳ ನಡುವೆ ಒಂದು ಮಧ್ಯವಲಯ ಕಲ್ಪಿಸಿ, ಎರಡೂ ಕಡೆಯವರು ಅಲ್ಲಿಗೆ ಮಾತ್ರ ಬರುವಂತೆ ಮಾಡುವುದು ಸಾಧ್ಯವಾದ ಮಾತು. ಏನೂ ಇಲ್ಲದೆ ನೇರವಾಗಿ ರೂಟರ್ ಇಡುವುದಕ್ಕೆ ಮಾತ್ರ ಯಾವ ಸಮರ್ಥನೆಯೂ ಇಲ್ಲ.

ತಂತಿಯನ್ನೇ ಎಳೆಯದಿದ್ದರೆ ಚಿಂತೆಯಿಲ್ಲವಲ್ಲ ಎಂಬ ಭಾವನೆಯೂ ನಮ್ಮಲ್ಲಿ ಬಲವಾಗಿದೆ. ಕೂಡಂಕುಳಂನ ಮೊದಲ ಪ್ರಕಟಣೆಯ ಹಿಂದಿದ್ದದ್ದೂ ಇದೇ ನಂಬಿಕೆ. 2010ರಲ್ಲಿ ಬೆಳಕಿಗೆ ಬಂದ ‘ಸ್ಟಕ್ಸ್‌ನೆಟ್’ ಈ ನಂಬಿಕೆಯನ್ನು ಅಲುಗಾಡಿಸಿತು. ಇರಾನಿನ ನತಾಂಜ್‌ನ ಯುರೇನಿಯಂ ಸಂಸ್ಕರಣಾ ಘಟಕ ಅಂತರ್ಜಾಲದಿಂದ ದೂರವಿತ್ತು. ಪೆನ್ ಡ್ರೈವ್‌ಗಳ ಮೂಲಕವೂ ಹರಡುವಂತೆ ರೂಪಿಸಿದ್ದ ಆ ಹುಳು ಒಳಹೊಕ್ಕು, ಸೀಮೆನ್ಸ್ ನಿಯಂತ್ರಕಗಳನ್ನು ಹುಡುಕಿ, ಕೇಂದ್ರಾಪಗಾಮಿ ಯಂತ್ರಗಳ ವೇಗ ಕೆಡಿಸಿತು. ನಿರ್ವಾಹಕರ ಪರದೆಯ ಮೇಲೆ ಮಾತ್ರ ಎಲ್ಲವೂ ಸರಿಯಿರುವಂತೆ ತೋರಿಸುತ್ತಿತ್ತು. ಇಂದು ಪೆನ್ ಡ್ರೈವ್ ಕೂಡ ಬೇಕಿಲ್ಲ. ರಾತ್ರಿ ಪಾಳಿಯವರು ನಿಯಂತ್ರಣ ಕೊಠಡಿಯ ಕಂಪ್ಯೂಟರಿಗೆ ಮೊಬೈಲ್ ಸಿಕ್ಕಿಸಿ ಚಾರ್ಜ್ ಮಾಡತೊಡಗಿದರೆ, ಆ ಫೋನೇ ಅಂತರ್ಜಾಲಕ್ಕೂ ಸ್ಥಾವರಕ್ಕೂ ನಡುವಿನ ರೂಟರ್ ಆಗಬಲ್ಲದು. ಸಮಾಜ ಜಾಲತಾಣಗಳ ಮೂಲಕ ಸಿಬ್ಬಂದಿಯನ್ನು ಬಲೆಗೆ ಬೀಳಿಸಿ ಮಾಹಿತಿ ಪಡೆದ ಬೇಹುಗಾರಿಕೆ ಪ್ರಕರಣ ಹೊರಬಿದ್ದ ಮೇಲೆ ನೌಕಾಪಡೆ 2019ರ ಡಿಸೆಂಬರ್‌ನಲ್ಲಿ ತನ್ನ ನೆಲೆಗಳಲ್ಲೂ ಹಡಗುಗಳಲ್ಲೂ ಸ್ಮಾರ್ಟ್‌ಫೋನ್ ನಿಷೇಧಿಸಿತು. ಕಾರವಾರ ನೌಕಾನೆಲೆಯ ಆಸುಪಾಸಿನವರಿಗೆ ಅದು ನೆನಪಿರಬಹುದು.

ಒಳಗಿನವರ ವಿಷಯದಲ್ಲಿ ಕೈಗಾಕ್ಕೆ ತನ್ನದೇ ಆದ ಅನುಭವವಿದೆ. 2009ರ ನವೆಂಬರ್‌ನಲ್ಲಿ ಅಲ್ಲಿನ ಐವತ್ತಕ್ಕೂ ಹೆಚ್ಚು ಉದ್ಯೋಗಿಗಳ ಮೂತ್ರ ಪರೀಕ್ಷೆಯಲ್ಲಿ ಟ್ರೀಷಿಯಂ ಪ್ರಮಾಣ ಹೆಚ್ಚಿರುವುದು ಕಂಡುಬಂತು. ಕುಡಿಯುವ ನೀರಿನ ಕೂಲರಿಗೆ ಯಾರೋ ಟ್ರೀಷಿಯಂಯುಕ್ತ ಭಾರಜಲ ಬೆರೆಸಿದ್ದರು. ಅದು ಒಳಗಿನವರದೇ ಕೃತ್ಯವೆಂಬುದು ಅಧಿಕಾರಿಗಳ ಸಂಶಯವಾಗಿತ್ತು. ಬೇಲಿ, ಕಾವಲು, ಗುರುತಿನ ಚೀಟಿ ಎಲ್ಲವೂ ಇದ್ದ ಜಾಗದಲ್ಲಿ ಇದು ನಡೆಯಿತು. ಇದಕ್ಕೂ ಕಂಪ್ಯೂಟರ್ ಜಾಲಕ್ಕೂ ನೇರ ಸಂಬಂಧವಿಲ್ಲ. ಆದರೆ ಹೊರಗಿನಿಂದ ಬೇರ್ಪಡಿಸಿದ್ದೇವೆ, ಆದ್ದರಿಂದ ಸುರಕ್ಷಿತ ಎಂಬ ತರ್ಕ ಎಷ್ಟು ದೂರ ನಡೆಯುತ್ತದೆಂಬುದಕ್ಕೆ ಬೇರೆ ಉದಾಹರಣೆ ಹುಡುಕಬೇಕಿಲ್ಲ.

ಅಣು ಸ್ಥಾವರದ ಮೇಲೆ ಎಲ್ಲರ ಕಣ್ಣಿರುತ್ತದೆ, ಹಾಗಾಗಿ ಅಲ್ಲಿ ಎಚ್ಚರವೂ ಹೆಚ್ಚು. ನನಗೆ ಹೆಚ್ಚು ಚಿಂತೆ ಹುಟ್ಟಿಸುವುದು ಅಷ್ಟಾಗಿ ಕಣ್ಣಿಗೆ ಬೀಳದ ವ್ಯವಸ್ಥೆಗಳು. ಕಾಳಿ ನದಿಯ ಮೇಲೆ ಸೂಪಾದಿಂದ ಕದ್ರಾದವರೆಗೆ ಕರ್ನಾಟಕ ವಿದ್ಯುತ್ ನಿಗಮದ ಅಣೆಕಟ್ಟುಗಳ ಸರಪಳಿಯೇ ಇದೆ. ಕೊಡಸಳ್ಳಿಯಲ್ಲಿ 120, ಕದ್ರಾದಲ್ಲಿ 150 ಮೆಗಾವಾಟ್ ವಿದ್ಯುತ್ ಉತ್ಪಾದನೆಯ ಸಾಮರ್ಥ್ಯ. ಕೈಗಾ ತಣಿಯುವುದು ಕದ್ರಾ ಜಲಾಶಯದ ನೀರಿನಿಂದ. 2019ರ ಆಗಸ್ಟ್‌ನ ಮಹಾಮಳೆಯಲ್ಲಿ ಕದ್ರಾದಿಂದ ನೀರು ಬಿಟ್ಟಾಗ ನದಿಯಂಚಿನ ಊರುಗಳು ಮುಳುಗಿದ್ದನ್ನು ಇಲ್ಲಿನವರು ಮರೆತಿಲ್ಲ. ಆ ನೆರೆಗೆ ಕಾರಣ ಮಳೆ ಮತ್ತು ಜಲಾಶಯ ನಿರ್ವಹಣೆಯ ತೀರ್ಮಾನಗಳೇ ಹೊರತು ಕಂಪ್ಯೂಟರಲ್ಲ. ಆದರೂ ಆ ದಿನಗಳು ಒಂದನ್ನು ತೋರಿಸಿಕೊಟ್ಟವು: ಮೇಲಿನ ಅಣೆಕಟ್ಟಿನ ನೀರಿನ ಮಟ್ಟದ ಅಂಕಿ ಕೆಳಗಿನವರಿಗೆ ಸರಿಯಾಗಿ, ಸಕಾಲಕ್ಕೆ ತಲುಪುವುದು ಜೀವನ್ಮರಣದ ಪ್ರಶ್ನೆ. ಗೇಟು ತೆರೆಯುವ ಆಜ್ಞೆಯನ್ನು ಕೆಡಿಸಬೇಕಾಗಿಯೇ ಇಲ್ಲ. ಅಂಕಿಯೊಂದು ಒಂದು ರಾತ್ರಿ ತಪ್ಪಾಗಿ ಕಂಡರೂ ಸಾಕು.

ಇನ್ನು ಅಂಕೋಲಾದ ಕೇಣಿ. ಅಲ್ಲಿ ಸರ್ವಋತು ಬಂದರು ನಿರ್ಮಾಣದ ಯೋಜನೆ 2023ರ ನವೆಂಬರ್‌ನಲ್ಲಿ ಜೆಎಸ್‌ಡಬ್ಲ್ಯು ಸಮೂಹದ ಪಾಲಾಯಿತು. ಮೀನುಗಾರರ ಬದುಕು ಏನಾಗುತ್ತದೆಂಬ ಪ್ರಶ್ನೆಯೇ ಅಲ್ಲಿ ಮೊದಲನೆಯದು, ಅದನ್ನು ಈ ಲೇಖನದ ವಿಷಯದೊಂದಿಗೆ ಬೆರೆಸುವುದು ಸರಿಯಲ್ಲ. ಆದರೆ ಇಂದಿನ ಬಂದರೆಂದರೆ ಕ್ರೇನು, ಸಾಗಣೆ ಪಟ್ಟಿ, ತೂಕದ ಕಟ್ಟೆ, ಗೇಟುಗಳೆಲ್ಲ ಕಚೇರಿಯ ಕಂಪ್ಯೂಟರಿನೊಂದಿಗೆ ಮಾತಾಡುವ ಜಾಗ. 2017ರ ಜೂನ್ ಕೊನೆಯಲ್ಲಿ ‘ನಾಟ್‌ಪೆಟ್ಯಾ’ ಎಂಬ ಕುತಂತ್ರಾಂಶ ಡೆನ್ಮಾರ್ಕಿನ ಮೇರ್ಸ್ಕ್ ಹಡಗು ಕಂಪನಿಯನ್ನು ಬಡಿದಾಗ, ಅದಕ್ಕೆ ಸೇರಿದ ನವಿ ಮುಂಬೈನ ಜವಾಹರಲಾಲ್ ನೆಹರೂ ಬಂದರಿನ ಟರ್ಮಿನಲ್ ಒಂದರಲ್ಲೂ ಕೆಲಸ ಸ್ತಬ್ಧವಾಯಿತು. ಕ್ರೇನುಗಳಿಗೆ ಏನೂ ಆಗಿರಲಿಲ್ಲ; ಯಾವ ಕಂಟೇನರ್ ಎಲ್ಲಿಗೆಂದು ಹೇಳಬೇಕಾದ ಕಂಪ್ಯೂಟರು ಸತ್ತಿತ್ತು. ಕೇಣಿಯಲ್ಲಾಗಲಿ ಕೈಗಾದ ಹೊಸ ಘಟಕಗಳಲ್ಲಾಗಲಿ ಜಾಲದ ನಕ್ಷೆಯನ್ನು ಸರಿಯಾಗಿ ಬರೆಯಲು ಅತ್ಯಂತ ಕಡಿಮೆ ಖರ್ಚಿನ ಕಾಲವೆಂದರೆ ಕಾಂಕ್ರೀಟು ಬೀಳುವ ಮೊದಲಿನದು. ಟೆಂಡರ್ ದಾಖಲೆಯಲ್ಲಿ ಒಂದು ಪುಟ ಸೇರಿಸಿದರೆ ಆಗುವ ಕೆಲಸಕ್ಕೆ ಆಮೇಲೆ ಕೋಟಿಗಟ್ಟಲೆ ಸುರಿಯಬೇಕಾಗುತ್ತದೆ.

ಕಾನೂನು ಹಿಂದೆ ಬಿದ್ದಿಲ್ಲ ಎನ್ನಬೇಕು. ಕೇಂದ್ರೀಯ ವಿದ್ಯುತ್ ಪ್ರಾಧಿಕಾರ 2021ರ ಅಕ್ಟೋಬರ್‌ನಲ್ಲಿ ಹೊರಡಿಸಿದ ಸೈಬರ್ ಭದ್ರತಾ ಮಾರ್ಗಸೂಚಿ, ಯಂತ್ರ ನಿಯಂತ್ರಣದ ವ್ಯವಸ್ಥೆಗಳು ಅಂತರ್ಜಾಲ ಸಂಪರ್ಕವಿರುವ ಕಂಪ್ಯೂಟರುಗಳಿಂದ ಕಟ್ಟುನಿಟ್ಟಾಗಿ ಬೇರೆಯಾಗಿರಬೇಕೆಂದು ಹೇಳುತ್ತದೆ. ಅಂತರ್ಜಾಲ ಬೇಕೇ ಬೇಕೆಂದಾದರೆ ಒಂದು ತಾಣದಲ್ಲಿ ಒಂದೇ ಕಂಪ್ಯೂಟರ್, ಅದೂ ಪ್ರತ್ಯೇಕ ಕೊಠಡಿಯಲ್ಲಿ, ಮಾಹಿತಿ ಭದ್ರತಾ ಅಧಿಕಾರಿಯ ಸುಪರ್ದಿಯಲ್ಲಿ ಇರಬೇಕೆನ್ನುವಷ್ಟು ಅದು ನಿಷ್ಠುರವಾಗಿದೆ. ಬರೆದವರು ತಂತ್ರಜ್ಞಾನ ಬಲ್ಲವರೆಂಬುದರಲ್ಲಿ ಸಂಶಯವಿಲ್ಲ. ಒಂದು ವಿದ್ಯುತ್ ಉಪಕೇಂದ್ರದಲ್ಲಿ ಮೂರು ಪಾಳಿಗಳಲ್ಲಿ ದುಡಿಯುವವರ ದಿನಚರಿಯನ್ನು ಎಷ್ಟು ಬಲ್ಲರೆಂಬುದು ಬೇರೆ ಮಾತು. ಪಾಲಿಸಲಾಗದಷ್ಟು ಬಿಗಿಯಾದ ನಿಯಮವಿದ್ದೆಡೆ ಜನ ತಮ್ಮ ಮೊಬೈಲ್ ಹಾಟ್‌ಸ್ಪಾಟನ್ನು ತೆರೆಯುತ್ತಾರೆ. ಆದ್ದರಿಂದ ಆ ಒಂದು ಕೊಠಡಿಯ ಕೀಲಿ ಯಾರ ಬಳಿ ಇರಬೇಕೆಂಬುದು ನಿಯಮದಷ್ಟೇ ಮುಖ್ಯ. ನನ್ನ ಅಭಿಪ್ರಾಯದಲ್ಲಿ ಅದು ಮುಖ್ಯ ಕಚೇರಿಯ ಗಣಕ ವಿಭಾಗದವರ ಬಳಿಯಲ್ಲ, ಯಂತ್ರ ಕೆಟ್ಟರೆ ಮೊದಲು ಉತ್ತರ ಹೇಳಬೇಕಾದ ಸ್ಥಾವರದ ಎಂಜಿನಿಯರ್ ಬಳಿ ಇರಬೇಕು. ಕಚೇರಿಯವರು ಅರ್ಜಿ ಹಾಕಲಿ, ಅವರು ಇಲ್ಲವೆನ್ನಬಹುದಾಗಿರಲಿ. ಹಾಗೆ ಇಲ್ಲವೆಂದದ್ದಕ್ಕಾಗಿ ಅವರ ಬಡ್ತಿಗೆ ಕುತ್ತು ಬರದಿರಲಿ.

ಕೊನೆಯದಾಗಿ ಕೂಡಂಕುಳಂ ಪ್ರಕರಣದ ದಿನಾಂಕಗಳನ್ನು ಇನ್ನೊಮ್ಮೆ ನೋಡಬೇಕು. ದೇಶದ ಕಂಪ್ಯೂಟರ್ ತುರ್ತು ಸ್ಪಂದನ ಸಂಸ್ಥೆಯಾದ ಸರ್ಟ್-ಇನ್ ಕುತಂತ್ರಾಂಶವನ್ನು ಗಮನಿಸಿ ವಿಷಯ ತಿಳಿಸಿದ್ದು ಸೆಪ್ಟೆಂಬರ್ 4ರಂದು. ನಿಗಮ ಸಾರ್ವಜನಿಕವಾಗಿ ಒಪ್ಪಿಕೊಂಡದ್ದು ಅಕ್ಟೋಬರ್ 30ರಂದು, ಎಂದರೆ 56 ದಿನಗಳ ನಂತರ. ಅದೂ ಕುತಂತ್ರಾಂಶದ ಮಾದರಿ ಅಂತರ್ಜಾಲದಲ್ಲಿ ಹೊರಬಿದ್ದು, ಸ್ವತಂತ್ರ ತಜ್ಞರು ಮಾತಾಡತೊಡಗಿ, ಒಮ್ಮೆ ನಿರಾಕರಿಸಿಯೂ ಆದ ಮೇಲೆ. ತನಿಖೆಯ ಹಂತದಲ್ಲಿ ಎಲ್ಲವನ್ನೂ ಬಹಿರಂಗಪಡಿಸಲಾಗದೆಂಬುದು ಒಪ್ಪತಕ್ಕ ಮಾತೇ. ಆದರೆ ಸ್ಥಾವರದ ಸುತ್ತಲಿನ ಜನರನ್ನು ತುರ್ತು ಸಂದರ್ಭದಲ್ಲಿ ತೆರವುಗೊಳಿಸಬೇಕಾದ ಜಿಲ್ಲಾಡಳಿತಕ್ಕೆ ವಾರದೊಳಗೆ ತಿಳಿಸುವುದರಿಂದ ಯಾವ ತನಿಖೆಯೂ ಕೆಡದು. ಕೈಗಾದ ಸುತ್ತ ತುರ್ತು ಸ್ಥಿತಿಯ ಅಣಕು ಕಾರ್ಯಾಚರಣೆಗಳು ನಡೆಯುತ್ತವೆ. ಜಿಲ್ಲಾಧಿಕಾರಿ, ಪೊಲೀಸರು, ವೈದ್ಯರು ಅವುಗಳಲ್ಲಿ ಪಾಲ್ಗೊಳ್ಳುತ್ತಾರೆ. ಮುಂದಿನ ಬಾರಿ ಅದರ ಕಥಾವಸ್ತುವಾಗಿ ವಿಕಿರಣ ಸೋರಿಕೆಯ ಬದಲು, ನಿಯಂತ್ರಣ ಕೊಠಡಿಯ ಪರದೆಗಳು ಐದು ಗಂಟೆ ಕಾಲ ಖಾಲಿಯಾಗಿವೆ ಎಂಬ ಸನ್ನಿವೇಶವನ್ನು ಇಟ್ಟುಕೊಳ್ಳಲಿ. ಮಲ್ಲಾಪುರಕ್ಕೂ ಕಾರವಾರಕ್ಕೂ ಮೊದಲ ದೂರವಾಣಿ ಕರೆಯನ್ನು ಯಾರು, ಎಷ್ಟು ಹೊತ್ತಿನೊಳಗೆ ಮಾಡಬೇಕೆಂಬುದು ಆಗ ಕಾಗದದ ಮೇಲೆ ಬರುತ್ತದೆ.